ಅಪರಿಚಿತರ ಸಲಹೆ ಮತ್ತು ಕೇಳಿದವರ ಹೊಣೆ

(ಗ್ರಂಥಪಾಲಕರ ದಿನದ ಅಂಗವಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ವೃತ್ತಿಬಾಂಧವರಿಗೆ ಮತ್ತು ವಿದ್ಯಾರ್ಥಿಗಳಿಗೆ ನಮಸ್ಕಾರ.

ಮನೆಗೆ ಯಾವ ನೀರಿನ ಫಿಲ್ಟರ್ ತರಬೇಕು, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಅಮ್ಮನ ಮಂಡಿನೋವಿಗೆ ಯಾವ ವೈದ್ಯರನ್ನು ಕಾಣಬೇಕು, ಸೋರುವ ತಾರಸಿಗೆ ಏನು ಬಳಿಸಬೇಕು ಎಂಬಂಥ ಪ್ರಶ್ನೆಗಳನ್ನು ನಾವು ಒಂದು ಕಾಲಕ್ಕೆ ನೆರೆಮನೆಯವರಲ್ಲಿ, ನೆಂಟರಲ್ಲಿ, ಕಚೇರಿಯ ಸಹೋದ್ಯೋಗಿಗಳಲ್ಲಿ ಕೇಳುತ್ತಿದ್ದೆವು. ಈಗ ಅದೇ ಪ್ರಶ್ನೆಗಳನ್ನು ಮುಖ ಕಾಣದ, ಹೆಸರು ನಿಜವೆಂಬ ಖಾತ್ರಿಯೂ ಇಲ್ಲದ ಸಾವಿರಾರು ಜನರ ಮುಂದೆ ಮೊಬೈಲಿನಲ್ಲಿ ಬರೆದು ಇಡುತ್ತೇವೆ, ಮತ್ತು ಆಶ್ಚರ್ಯವೆಂಬಂತೆ, ಅವರಲ್ಲಿ ಹತ್ತಾರು ಜನ ತಮ್ಮ ಸಮಯ ಕೊಟ್ಟು, ಯಾವ ಪ್ರತಿಫಲವನ್ನೂ ಬಯಸದೆ ಉತ್ತರಿಸುತ್ತಾರೆ. ಗ್ರಂಥಾಲಯದ ಪರಾಮರ್ಶನ ಸೇವೆಯಲ್ಲಿ ಕುಳಿತು ಜನರ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೆ ಇದು ಬಹಳ ಗಂಭೀರವಾದ, ಗೌರವಕ್ಕೆ ಅರ್ಹವಾದ ಬೆಳವಣಿಗೆಯಾಗಿ ಕಾಣುತ್ತದೆ. ಇದರ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಉತ್ತರ ಕೊಡುವವರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಚರ್ಚಿಸುತ್ತಾರೆ. ಕೇಳುವವರ ಹೊಣೆಯ ಕುರಿತು ಅಷ್ಟಾಗಿ ಚರ್ಚೆ ನಡೆದಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕಟ್ಟುವುದೂ, ಸಲಹೆಯಂತೆ ನಡೆದ ಮೇಲೆ ಏನಾಯಿತೆಂದು ಮರಳಿ ಬಂದು ತಿಳಿಸುವುದೂ ಕೇಳಿದವರ ಕೆಲಸ. ಈ ಎರಡನೆಯ ಕೆಲಸವನ್ನು ನಾವು ಬಹುಮಟ್ಟಿಗೆ ಕೈಬಿಟ್ಟಿದ್ದೇವೆ ಎಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಅಪರಿಚಿತರಲ್ಲಿ ಸಲಹೆ ಕೇಳುವ ಅಭ್ಯಾಸ ಅಂತರ್ಜಾಲಕ್ಕಿಂತ ಬಹಳ ಹಳೆಯದು. 1691ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ‘ಅಥೀನಿಯನ್ ಮರ್ಕ್ಯುರಿ’ ಎಂಬ ಪತ್ರಿಕೆಯನ್ನು ಆರಂಭಿಸಿದ. ಓದುಗರು ತಮ್ಮ ಹೆಸರು ಹೇಳದೆ ನಗರದ ಒಂದು ಕಾಫಿ ಮನೆಯ ವಿಳಾಸಕ್ಕೆ ಪ್ರಶ್ನೆ ಬರೆದು ಕಳುಹಿಸಬಹುದಾಗಿತ್ತು. ಡಂಟನ್ ಮತ್ತು ಅವನ ಕೆಲವೇ ಜೊತೆಗಾರರು ತಮ್ಮನ್ನು ವಿದ್ವಾಂಸರ ಮಂಡಳಿ ಎಂದು ಕರೆದುಕೊಂಡು ಅವಕ್ಕೆ ಉತ್ತರ ಅಚ್ಚು ಹಾಕಿಸುತ್ತಿದ್ದರು. ಧರ್ಮಶಾಸ್ತ್ರದ ಮತ್ತು ನಿಸರ್ಗ ವಿಜ್ಞಾನದ ಪ್ರಶ್ನೆಗಳ ಪಕ್ಕದಲ್ಲೇ ಮದುವೆ, ಪ್ರೇಮ, ಮಾತು ಕೊಟ್ಟು ತಪ್ಪಿದ ಸಂಕಟ ಇವೆಲ್ಲ ಅಲ್ಲಿ ಬಂದವು. 1697ರವರೆಗೆ ನಡೆದ ಆ ಪತ್ರಿಕೆಯ ಯಶಸ್ಸಿಗೆ ಮುಖ್ಯ ಕಾರಣ, ಕೇಳಿದವರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು. ನಮ್ಮ ಊರುಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಾಲ ತೀರಿಸಲಾಗದ ಸ್ಥಿತಿ, ಮಕ್ಕಳಾಗದಿರುವುದು, ಗಂಡನ ಕುಡಿತ, ಮಗಳ ಮನಸ್ಸಿನ ಕಾಯಿಲೆ ಇವನ್ನು ಊರಿನೊಳಗೆ ಕೇಳಿದರೆ ಉತ್ತರ ಸಿಗುವ ಮುನ್ನವೇ ಅದು ಊರ ಬಾಯಿಗೆ ಬಿದ್ದಿರುತ್ತದೆ. ಹೆಸರು ಮರೆಯಾದಾಗ ಮಾತ್ರ ಬಾಯಿಬಿಟ್ಟು ಕೇಳಬಲ್ಲ ಜನ ನಮ್ಮ ನಡುವೆ ಲಕ್ಷಾಂತರ ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ಹೆಂಗಸರು ಎಂದು ನನ್ನ ವೃತ್ತಿಯ ಅನುಭವದಿಂದ ಹೇಳಬಲ್ಲೆ. ಹೆಸರಿಲ್ಲದೆ ಕೇಳುವ ಅವಕಾಶವನ್ನು ಹೇಡಿತನವೆಂದು ಹಳಿಯುವವರು ಈ ಜನರನ್ನು ಒಮ್ಮೆ ನೆನೆಯಬೇಕು.

ಇನ್ನೊಂದು ಕಾರಣವನ್ನು ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ಸುಳಿವು ಕೊಟ್ಟ ವ್ಯಕ್ತಿಯನ್ನು ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7 ಮಾತ್ರ, ಎಂದಾದರೊಮ್ಮೆ ಎಂದವರು ಶೇ. 55.6, ಅಪರೂಪಕ್ಕೆ ಎಂದವರು ಶೇ. 27.8. ಆಪ್ತರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚು, ಆದರೆ ಅವರಿಗೆ ತಿಳಿದಿರುವುದು ಬಹುತೇಕ ನಮಗೂ ತಿಳಿದಿರುತ್ತದೆ; ಹೊಸ ಮಾಹಿತಿ ಬರುವುದು ಬೇರೆ ವಲಯದಲ್ಲಿ ಓಡಾಡುವ, ನಮಗೆ ಅಷ್ಟಾಗಿ ಹತ್ತಿರವಲ್ಲದವರಿಂದ. ಪೂರ್ತಿ ಅಪರಿಚಿತರಿಗೂ ಈ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸುತ್ತದೆ. ಜರ್ಮನಿಗೆ ಓದಲು ಹೊರಟ ಹಾವೇರಿಯ ಹುಡುಗಿಗೆ ಅಲ್ಲಿನ ಬಾಡಿಗೆ ಕೋಣೆಯ ವಿಷಯ ಮನೆಯವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಕಳೆದ ವರ್ಷ ಅಲ್ಲಿಗೆ ಹೋದ ಮತ್ತೊಬ್ಬ ಕನ್ನಡತಿಗೆ ಗೊತ್ತಿರುತ್ತದೆ.

ಕೇಳುವ ಅಗತ್ಯದ ಬಗ್ಗೆ ಇಷ್ಟು ಸಾಕು. ಕೇಳುವ ಕ್ರಮದ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ವೃತ್ತಿ ಇದನ್ನು ದಶಕಗಳಿಂದ ಅಧ್ಯಯನ ಮಾಡಿದೆ. ನಾವು ಆಗಸ್ಟ್ 12ರಂದು ನೆನೆಯುವ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕು ಎನ್ನುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನಾ ಕೇಂದ್ರವನ್ನು ಕಟ್ಟಿ, ಕೊನೆಯವರೆಗೂ ಇದೇ ನಗರದಲ್ಲಿ ಬಾಳಿದ ಅವರು ಪರಾಮರ್ಶನ ಸೇವೆಯನ್ನು ಗ್ರಂಥಾಲಯದ ಕೆಲಸಗಳಲ್ಲಿ ಅತ್ಯಂತ ಮಾನವೀಯವಾದುದೆಂದು ಕಂಡರು. 1968ರಲ್ಲಿ ಅಮೆರಿಕದ ರಾಬರ್ಟ್ ಟೇಲರ್ ಇದೇ ಸೇವೆಯ ಒಳಗನ್ನು ಬಿಡಿಸಿ ತೋರಿಸಿದರು. ಮನುಷ್ಯನ ಮನಸ್ಸಿನಲ್ಲಿ ಮೊದಲು ಹುಟ್ಟುವುದು ಮಾತಿಗೆ ಸಿಗದ ಒಂದು ಕೊರತೆಯ ಭಾವ. ಅದು ನಿಧಾನವಾಗಿ ಅಸ್ಪಷ್ಟ ವಿವರಣೆಯಾಗಿ, ಆಮೇಲೆ ಸ್ಪಷ್ಟ ಪ್ರಶ್ನೆಯಾಗಿ ರೂಪುಗೊಳ್ಳುತ್ತದೆ. ಆದರೆ ಮೇಜಿನ ಎದುರಿಗೆ ಬಂದು ನಿಂತಾಗ ಆ ವ್ಯಕ್ತಿ, ಇಲ್ಲಿ ಏನು ಸಿಗಬಹುದು ಎಂದು ತಾನೇ ಊಹಿಸಿಕೊಂಡು, ತನ್ನ ಪ್ರಶ್ನೆಯನ್ನು ಆ ಊಹೆಗೆ ತಕ್ಕಂತೆ ಕತ್ತರಿಸಿ ಕೇಳುತ್ತಾನೆ. ‘ಕಾನೂನು ಪುಸ್ತಕಗಳು ಎಲ್ಲಿವೆ?’ ಎಂದು ಕೇಳುವವರಿಗೆ ಬೇಕಾಗಿರುವುದು ಬಾಡಿಗೆ ಮನೆಯ ಮುಂಗಡ ಹಣವನ್ನು ಮಾಲೀಕರಿಂದ ವಾಪಸು ಪಡೆಯುವ ದಾರಿ. ಒಳ್ಳೆಯ ಗ್ರಂಥಪಾಲಕರು ಕಪಾಟು ತೋರಿಸುವ ಮೊದಲು ಎರಡು ಮೂರು ಮಾತು ಆಡಿ ಆ ಕತ್ತರಿಸಿದ ಭಾಗವನ್ನು ಹೊರಗೆ ತರುತ್ತಾರೆ. ಅಪರಿಚಿತರ ಗುಂಪಿನಲ್ಲಿ ಈ ಕೆಲಸ ಮಾಡುವವರು ಯಾರೂ ಇರುವುದಿಲ್ಲವಾದ್ದರಿಂದ, ಕೇಳುವವರೇ ತಮಗೆ ತಾವು ಗ್ರಂಥಪಾಲಕರಾಗಬೇಕಾಗುತ್ತದೆ.

ಬೆಂಗಳೂರಿನಲ್ಲಿ ಮನೆ ಬದಲಾಯಿಸಿದ ಕುಟುಂಬಗಳು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ‘ಕುಡಿಯುವ ನೀರಿಗೆ ಯಾವ ಫಿಲ್ಟರ್ ಒಳ್ಳೆಯದು?’ ಇದಕ್ಕೆ ಬರುವ ಇಪ್ಪತ್ತು ಉತ್ತರಗಳಲ್ಲಿ ಇಪ್ಪತ್ತು ಕಂಪನಿಗಳ ಹೆಸರು ಇರುತ್ತವೆ, ಮತ್ತು ಪ್ರತಿಯೊಂದೂ ಬರೆದವರ ಮನೆಯ ಮಟ್ಟಿಗೆ ನಿಜವಾಗಿರಬಹುದು. ಆದರೆ ಕಾವೇರಿ ನೀರು ನಲ್ಲಿಯಲ್ಲಿ ಬರುವ ಮನೆ, ಆಳದ ಕೊಳವೆಬಾವಿಯನ್ನು ನಂಬಿರುವ ಅಪಾರ್ಟ್‌ಮೆಂಟ್, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಬಡಾವಣೆ ಈ ಮೂರರ ನೀರು ಮೂರು ಬಗೆಯದು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ 2012ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ, ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ, ಎಂದರೆ ಎಲ್ಲರೂ ಟಿಡಿಎಸ್ ಎಂದು ಕರೆಯುವುದು, ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. 500ಕ್ಕಿಂತ ಸಾಕಷ್ಟು ಕಡಿಮೆ ಲವಣಾಂಶವಿರುವ ನೀರಿಗೆ ಲವಣ ಹೆಚ್ಚೆಂಬ ಕಾರಣಕ್ಕಾಗಿ, ಕರಗಿದ ಲವಣ ಮತ್ತು ಫ್ಲೋರೈಡನ್ನು ಸೋಸಿ ತೆಗೆಯುವ ಆರ್‌ಒ ಯಂತ್ರ ಕೂರಿಸುವ ಅಗತ್ಯ ಬೀಳುವುದಿಲ್ಲ. ಕೂರಿಸಿದರೆ ಆ ಯಂತ್ರ ಒಳಗೆ ಬಂದ ನೀರಿನಲ್ಲಿ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತದೆ, ಮತ್ತು ನೀರಿಲ್ಲದೆ ಪರದಾಡುವ ನಗರದಲ್ಲಿ ಅದು ಸಣ್ಣ ವಿಷಯವಲ್ಲ. ಲವಣಾಂಶ ಅಳೆಯುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಹೀಗಿರಬೇಕಿತ್ತು: ‘ನಮ್ಮ ಮನೆಗೆ ವಾರದಲ್ಲಿ ಇಂತಿಷ್ಟು ದಿನ ಕಾವೇರಿ ನೀರು, ಉಳಿದ ದಿನ ಕೊಳವೆಬಾವಿಯ ನೀರು ಒಂದೇ ತೊಟ್ಟಿಗೆ ಬೀಳುತ್ತದೆ, ಅಳೆದಾಗ ಲವಣಾಂಶ ಇಷ್ಟು ಬಂದಿದೆ, ಮನೆಯಲ್ಲಿ ಐದು ಜನ, ಅದರಲ್ಲಿ ಒಂದು ಕೈಗೂಸು, ಇದೇ ಬಗೆಯ ನೀರಿಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಯಾವ ಯಂತ್ರ ಬಳಸಿದ್ದೀರಿ, ವರ್ಷಕ್ಕೆ ಬಿಡಿಭಾಗಗಳಿಗೆ ಎಷ್ಟು ಖರ್ಚಾಯಿತು?’

ಈ ಎರಡನೆಯ ಪ್ರಶ್ನೆಗೆ ಬರುವ ಉತ್ತರಗಳು ಮೂರೋ ನಾಲ್ಕೋ ಇರಬಹುದು. ಆ ನಾಲ್ಕು ಉತ್ತರಗಳು ಮೊದಲಿನ ಇಪ್ಪತ್ತಕ್ಕಿಂತ ಹೆಚ್ಚು ಬೆಲೆಯುಳ್ಳವು. ಇದರಲ್ಲಿ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ಆ ಪುಟ್ಟ ಮೀಟರು ಲವಣಾಂಶದ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು ರೋಗಾಣುಗಳನ್ನಾಗಲಿ ಫ್ಲೋರೈಡನ್ನಾಗಲಿ ತೋರಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಲ್ಲು ಮತ್ತು ಮೂಳೆಗಳಿಗೆ ಮಾಡಿರುವ ಹಾನಿಯನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲೇ ಇದ್ದಾರು. ಅದೇ ಮಾನದಂಡ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ಬೆಂಗಳೂರಿನ ಕಾವೇರಿ ನೀರಿನ ಮನೆಯವರು ಪ್ರಾಮಾಣಿಕವಾಗಿ ‘ಆರ್‌ಒ ಬೇಡವೇ ಬೇಡ, ದಂಡ’ ಎಂದು ಬರೆದ ಸಲಹೆಯನ್ನು ಪಾವಗಡದ ಕುಟುಂಬವೊಂದು ಓದಿ ಅನುಸರಿಸಿದರೆ ಆಗುವ ನಷ್ಟಕ್ಕೆ ಯಾರನ್ನು ದೂರಬೇಕು? ಸುಳ್ಳು ಹೇಳಿದವರು ಅಲ್ಲಿ ಯಾರೂ ಇಲ್ಲ. ತಮ್ಮ ಊರು, ತಮ್ಮ ನೀರು ಯಾವುದೆಂದು ಕೇಳಿದವರೂ ಬರೆಯಲಿಲ್ಲ, ಹೇಳಿದವರೂ ಬರೆಯಲಿಲ್ಲ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲಷ್ಟೇ ಕೇಳಬಹುದಾದ ಪ್ರಶ್ನೆಗಳೂ ಇವೆ ಎಂಬುದನ್ನು ಈ ಉದಾಹರಣೆ ಕಲಿಸುತ್ತದೆ.

ಉತ್ತರಗಳ ಕಡೆಗೆ ಬರೋಣ. ಹತ್ತು ಜನ ಹೇಳಿದರೆ ಅದು ಸರಿಯಿರಬೇಕು ಎಂಬ ನಂಬಿಕೆಗೆ ಒಂದು ಹಳೆಯ ಆಧಾರವಿದೆ. ಇಂಗ್ಲೆಂಡಿನ ಪ್ಲಿಮತ್ ನಗರದ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆದಿತ್ತು. ಆ ಚೀಟಿಗಳನ್ನು ಅಲ್ಲಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತರಿಸಿಕೊಂಡು ಲೆಕ್ಕ ಹಾಕಿ 1907ರಲ್ಲಿ ಪ್ರಕಟಿಸಿದರು. 787 ಚೀಟಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವಿನ ಊಹೆ 1207 ಪೌಂಡ್; ಅವರು ಕೊಟ್ಟ ನಿಜವಾದ ತೂಕ 1198. ಜನಸಮೂಹದ ವಿವೇಕಕ್ಕೆ ಇದನ್ನು ಎಲ್ಲರೂ ಉದಾಹರಿಸುತ್ತಾರೆ, ಆದರೆ ಆ ಸ್ಪರ್ಧಿಗಳು ಪ್ರತಿಯೊಬ್ಬರೂ ಪ್ರವೇಶ ಹಣ ಕೊಟ್ಟು, ತಮ್ಮ ಊಹೆಯನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದಿದ್ದರು ಎಂಬುದನ್ನು ಮರೆಯುತ್ತಾರೆ. ನಮ್ಮ ಗುಂಪುಗಳಲ್ಲಿ ಎರಡನೆಯವರು ಬರೆಯುವ ಮೊದಲು ಮೊದಲನೆಯವರದನ್ನು ಓದಿರುತ್ತಾರೆ, ಮೂರನೆಯವರು ಇಬ್ಬರದನ್ನೂ ಓದಿರುತ್ತಾರೆ. ಇದರ ಪರಿಣಾಮವನ್ನು ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಳೆದರು. ಸುದ್ದಿ ಹಂಚಿಕೆಯ ಒಂದು ತಾಣದಲ್ಲಿ ಕೆಲವು ಪ್ರತಿಕ್ರಿಯೆಗಳಿಗೆ, ಯಾವ ಗುಣವನ್ನೂ ನೋಡದೆ, ಆರಂಭದಲ್ಲೇ ಒಂದು ಮೆಚ್ಚುಗೆಯ ಮತ ಹಾಕಿದರು. ಆ ಒಂದೇ ಮತದಿಂದ ಕೊನೆಯ ಸರಾಸರಿ ಅಂಕ ಶೇ. 25ರಷ್ಟು ಏರಿತು. ಆದ್ದರಿಂದ ಒಂದೇ ಹೆಸರನ್ನು ಹದಿನೈದು ಜನ ಅನುಮೋದಿಸಿದ್ದಾರೆ ಎಂದು ಕಂಡಾಗ, ಅದು ಹದಿನೈದು ಮನೆಗಳ ಅನುಭವವೋ, ಒಬ್ಬರ ಅನುಭವಕ್ಕೆ ಹದಿನಾಲ್ಕು ಜನರ ತಲೆಯಾಡಿಸುವಿಕೆಯೋ ಎಂದು ವಿಚಾರಿಸಬೇಕು. ‘ನಾನು ಬಳಸಿದ್ದೇನೆ’ ಎಂಬುದಕ್ಕೂ ‘ಒಳ್ಳೆಯದಂತೆ’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ಕ್ರಿಯಾಪದಗಳು ಎಷ್ಟು ಸ್ಪಷ್ಟವಾಗಿ ತೋರಿಸುತ್ತವೆಂದರೆ, ಓದುವಾಗ ಸ್ವಲ್ಪ ಗಮನ ಕೊಟ್ಟರೆ ಸಾಕು.

ದುಡ್ಡು ಪಡೆದು ಹೊಗಳುವವರ ವಿಷಯ ಎಲ್ಲರಿಗೂ ಗೊತ್ತಿರುವುದೇ. ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವ ಬಗೆಗೆ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಒಂದು ಮಾನದಂಡ ತಂದಿತು. ಅದನ್ನು ಸಂಸ್ಥೆಗಳು ಸ್ವಇಚ್ಛೆಯಿಂದ ಅನುಸರಿಸಬೇಕಾದ ಮಾನದಂಡವಾಗಿ ಜಾರಿಗೆ ತಂದರು. ನನಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ನಮ್ಮ ದೇಶದಲ್ಲಿ ಬೆಳೆದಿರುವ ಇನ್ನೊಂದು ಮೋಸ. ಹಣ ಕಡಿತವಾಗಿ ಟಿಕೆಟ್ ಬಾರದಿದ್ದಾಗ, ಫ್ರಿಜ್ ಕೆಟ್ಟಾಗ, ಜನ ಗಾಬರಿಯಲ್ಲಿ ‘ಈ ಕಂಪನಿಯ ಗ್ರಾಹಕ ಸೇವೆಯ ನಂಬರ್ ಯಾರಿಗಾದರೂ ಗೊತ್ತೇ?’ ಎಂದು ಬಹಿರಂಗವಾಗಿ ಕೇಳುತ್ತಾರೆ, ಕೆಲವರು ತಮ್ಮ ಫೋನ್ ನಂಬರನ್ನೂ ಬರೆದುಬಿಡುತ್ತಾರೆ. ಅದನ್ನೇ ಕಾಯುತ್ತಿರುವ ವಂಚಕರು ಸೇವಾ ಸಿಬ್ಬಂದಿಯ ಸೋಗಿನಲ್ಲಿ ಕರೆ ಮಾಡಿ, ಒಂದು ಆ್ಯಪ್ ಹಾಕಿಸಿ, ಒಟಿಪಿ ಹೇಳಿಸಿ ಖಾತೆಯನ್ನು ಬರಿದು ಮಾಡುತ್ತಾರೆ. ಗ್ರಾಹಕ ಸೇವೆಯ ನಂಬರ್ ಎಂಬುದು ಅಪರಿಚಿತರಲ್ಲಿ ಕೇಳಬಾರದ ಪ್ರಶ್ನೆಗಳಲ್ಲಿ ಮೊದಲನೆಯದು. ಅದು ಬಿಲ್ಲಿನ ಮೇಲೆ, ಬ್ಯಾಂಕ್ ಕಾರ್ಡಿನ ಹಿಂಬದಿಯಲ್ಲಿ, ಕಂಪನಿಯ ಸ್ವಂತ ಆ್ಯಪಿನಲ್ಲಿ ಇರುತ್ತದೆ. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಸರಕು ಸೇವೆಗಳ ದೂರಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು. ಹಾವು ಕಚ್ಚಿದಾಗ, ಮಗು ಏನನ್ನಾದರೂ ನುಂಗಿದಾಗ, ಎದೆ ನೋವು ಬಂದಾಗ ಗುಂಪಿನಲ್ಲಿ ಕೇಳಿ ಕಾಯುವುದೂ ಅಷ್ಟೇ ಅಪಾಯ. ಅಲ್ಲಿ ಸರಿಯಾದ ಉತ್ತರವೂ ತಡವಾಗಿ ಬಂದರೆ ಪ್ರಯೋಜನವಿಲ್ಲ. ಬದುಕು ಸಾಕೆನಿಸಿದೆ ಎಂದು ರಾತ್ರಿ ಯಾರಾದರೂ ಬರೆದದ್ದನ್ನು ಕಂಡರೆ, ಸಲಹೆ ಬರೆಯುವುದಕ್ಕಿಂತ ಮುಂಚೆ ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಕೊಡಿ. ಅಲ್ಲಿ ಕನ್ನಡದಲ್ಲೇ ಮಾತನಾಡುವವರಿದ್ದಾರೆ.

ಇನ್ನು ನಾನು ಮೊದಲಿಗೆ ಹೇಳಿದ ಎರಡನೆಯ ಹೊಣೆ. ಸಲಹೆ ಎಂಬುದು ಒಂದು ಊಹೆ. ಅದನ್ನು ಯಾರಾದರೂ ಅನುಸರಿಸಿ, ಫಲ ಕಂಡು, ಬಂದು ಹೇಳಿದಾಗ ಮಾತ್ರ ಅದು ತಿಳಿವಳಿಕೆಯಾಗುತ್ತದೆ. ಅಡಿಕೆ ಬೆಳೆಗಾರರ ಗುಂಪುಗಳನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ ಅದನ್ನು ಪ್ರಚಾರಕ್ಕೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಪ್ರತಿ ಬೆಳೆಗಾರನಿಗೂ ಬಾಯಿಪಾಠ. ಹದ ತಪ್ಪಿದೆಯೇ ಎಂದು ನೋಡಲು ಕಬ್ಬಿಣದ ಚೂರಿಯನ್ನು ಅದ್ದಿ, ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಸೇರಿಸುವುದೂ ಗೊತ್ತು. ಅವರು ಗುಂಪಿನಲ್ಲಿ ಕೇಳುವುದು ಈ ಲೆಕ್ಕವನ್ನಲ್ಲ. ಮಳೆ ಬಿಡುವು ಕೊಡದ ವರ್ಷ ಎರಡನೆಯ ಸಿಂಪಡಣೆಗೆ ಎಷ್ಟು ದಿನ ಕಾಯಬಹುದು, ಪೇಟೆಯಲ್ಲಿ ಸಿಗುವ ಹೊಸ ಔಷಧಿ ನಂಬಬಹುದೇ, ಮರ ಹತ್ತುವವರು ಸಿಗದ ಕಾರಣ ಕೊಳ್ಳಬೇಕೆಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ಯಾವುದು ಹಗುರ ಎಂಬಂಥವು ಅವರ ಪ್ರಶ್ನೆಗಳು. ಜೂನ್‌ನಲ್ಲಿ ಕೇಳಿದ ಪ್ರಶ್ನೆಯ ನಿಜವಾದ ಉತ್ತರ ತಿಳಿಯುವುದು ಸೆಪ್ಟೆಂಬರ್‌ನಲ್ಲಿ, ಗೊನೆಯಲ್ಲಿ ಎಷ್ಟು ಕಾಯಿ ಉಳಿಯಿತು ಎಂದು ಎಣಿಸಿದಾಗ. ಅಷ್ಟರಲ್ಲಿ ಆ ಮಾತುಕತೆ ಸಾವಿರಾರು ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ. ಮುಂದಿನ ಜೂನ್‌ನಲ್ಲಿ ಬೇರೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ, ಹಿಂದಿನ ವರ್ಷ ಹೇಳಿದವರೇ ಅದೇ ಉತ್ತರ ಕೊಡುತ್ತಾರೆ, ಆ ಉತ್ತರ ಹಿಂದಿನ ಸಲ ಫಲಿಸಿತೋ ಇಲ್ಲವೋ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ದೋಟಿಯ ವಿಷಯದಲ್ಲಿ ಇದು ಪ್ರಾಣಕ್ಕೂ ಸಂಬಂಧಿಸಿದ್ದು: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿರುವವರಿಗೆ ತೂಕ ಮತ್ತು ಬೆಲೆಗಿಂತ ಮೊದಲು ಹೇಳಬೇಕಾದದ್ದು ಇದು. ಅದನ್ನು ನೆನಪಿಸುವವರು ಸಾಮಾನ್ಯವಾಗಿ ಒಂದು ಮಳೆಗಾಲ ಅದನ್ನು ಹಿಡಿದು ಕೆಲಸ ಮಾಡಿದವರೇ.

ಮರಳಿ ಬಂದು ಹೇಳುವ ಶಿಸ್ತು ಅಂತರ್ಜಾಲದ ಆರಂಭದ ವರ್ಷಗಳಲ್ಲಿ ಇತ್ತು ಎಂಬುದನ್ನು ಕಿರಿಯರು ತಿಳಿಯಬೇಕು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಕಲ್ಪಿಸಿದ, ಕಂಪ್ಯೂಟರುಗಳ ಮೂಲಕ ಚರ್ಚೆ ನಡೆಸುವ ಜಾಲವಾದ ಯೂಸ್‌ನೆಟ್‌ನಲ್ಲಿ, ಆಮೇಲೆ ಹುಟ್ಟಿದ ಹಲವು ಇಮೇಲ್ ಬಳಗಗಳಲ್ಲಿ, ಒಂದು ರೂಢಿ ಬೆಳೆದಿತ್ತು. ಪ್ರಶ್ನೆ ಕೇಳಿದವರಿಗೆ ಉತ್ತರಗಳನ್ನು ಖಾಸಗಿಯಾಗಿ ಕಳುಹಿಸಬೇಕು. ಅವರು ಎಲ್ಲವನ್ನೂ ಓದಿ, ಪರೀಕ್ಷಿಸಿ, ಯಾವುದು ಕೆಲಸಕ್ಕೆ ಬಂತು ಎಂಬುದರ ಸಾರಾಂಶವನ್ನು ಎಲ್ಲರಿಗೂ ಕಳುಹಿಸಬೇಕು. ಸನ್ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರ ‘ಸನ್ ಮ್ಯಾನೇಜರ್ಸ್’ ಎಂಬ ಬಳಗ ಇದನ್ನು ನಿಯಮವಾಗಿಯೇ ಪಾಲಿಸುತ್ತಿತ್ತು. ಈ ಕ್ರಮದಲ್ಲಿ ಉತ್ತರಿಸುವವರು ಒಬ್ಬರನ್ನೊಬ್ಬರು ನೋಡಿ ಬರೆಯಲು ಆಗುತ್ತಿರಲಿಲ್ಲ, ಅಂದರೆ ಗಾಲ್ಟನ್ನರ ಚೀಟಿಗಳ ಷರತ್ತು ತಾನಾಗಿಯೇ ಪೂರೈಸುತ್ತಿತ್ತು. ಕೇಳಿದವರ ತಲೆಯ ಮೇಲೆ ಸಾರಾಂಶದ ಹೊರೆ ಇದ್ದುದರಿಂದ ಅವರು ಅನಗತ್ಯವಾಗಿ ಕೇಳುತ್ತಲೂ ಇರಲಿಲ್ಲ. ಪದೇ ಪದೇ ಕೇಳುವ ಪ್ರಶ್ನೆಗಳ ಪಟ್ಟಿಗಳು ಬೆಳೆದದ್ದೂ ಇಂಥ ವಾತಾವರಣದಲ್ಲೇ. ತಾಂತ್ರಿಕವಾಗಿ ಬಡವಾಗಿದ್ದ ಆ ಏರ್ಪಾಡು ಸಾಮಾಜಿಕವಾಗಿ ನಮ್ಮದಕ್ಕಿಂತ ಶ್ರೀಮಂತವಾಗಿತ್ತು ಎಂದು ನಾನು ಭಾವಿಸುತ್ತೇನೆ.

ನಮ್ಮಲ್ಲಿಯೂ ಇದಕ್ಕೆ ಸಮನಾದ ಪರಂಪರೆ ಇದೆ, ಮತ್ತು ಅದು ಅಚ್ಚಿನಲ್ಲಿ ಬೆಳೆಯಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಎಂಬ ಮಾತನ್ನು ಧ್ಯೇಯವಾಗಿ ಇಟ್ಟುಕೊಂಡಿತು. ಶ್ರೀಪಡ್ರೆ ಅವರೂ ಸಂಗಡಿಗರೂ ಕೃಷಿಕರಿಗೆ ಬರೆಯುವ ತರಬೇತಿ ಕೊಟ್ಟು, ಮಾಡಿ ನೋಡಿದವರೇ ತಮ್ಮ ಅನುಭವವನ್ನು ದಾಖಲಿಸುವಂತೆ ಮಾಡಿದರು. ಓದುಗರು ಬೇಕೆಂದರೆ ಬರೆದವರನ್ನು ಸಂಪರ್ಕಿಸಿ, ಅವರ ತೋಟಕ್ಕೇ ಹೋಗಿ ನೋಡಬಹುದಾಗಿತ್ತು. ಅಪರಿಚಿತರ ಸಲಹೆಯನ್ನು ನಂಬಲು ಇದಕ್ಕಿಂತ ಗಟ್ಟಿಯಾದ ತಳಹದಿ ಇಲ್ಲ.

ದಾಖಲೆ ಉಳಿಯುವ ಪ್ರಶ್ನೆಗೆ ಗ್ರಂಥಪಾಲಕನಾಗಿ ನಾನು ವಿಶೇಷ ಮಹತ್ವ ಕೊಡುತ್ತೇನೆ. 2005ರಲ್ಲಿ ಆರಂಭವಾದ ಯಾಹೂ ಆನ್ಸರ್ಸ್ ಎಂಬ ಪ್ರಶ್ನೋತ್ತರ ತಾಣ 2021ರ ಮೇ 4ರಂದು ಮುಚ್ಚಿತು. ಹದಿನೈದು ವರ್ಷಗಳಲ್ಲಿ ಲೋಕದ ಜನ ಕೇಳಿದ್ದೂ ಹೇಳಿದ್ದೂ ಅವರ ಕಣ್ಣೆದುರಿನಿಂದ ಹೋಯಿತು. ಅದರಲ್ಲಿ ಹುಡುಗಾಟದ್ದು ಬಹಳಷ್ಟಿತ್ತು, ನಿಜ; ಆದರೆ ಸಾಮಾನ್ಯ ಜನರ ದಿನನಿತ್ಯದ ಆತಂಕಗಳ ದಾಖಲೆಯಾಗಿ ಅದಕ್ಕೆ ಬೆಲೆ ಕಟ್ಟಲಾಗದು. ಇದಕ್ಕೆ ಪ್ರತಿಯಾಗಿ ದಕ್ಷಿಣ ಕೊರಿಯಾದ ಅನುಭವವನ್ನು ಕನ್ನಡಿಗರು ಅವಶ್ಯವಾಗಿ ಗಮನಿಸಬೇಕು. 2002ರಲ್ಲಿ ಅಲ್ಲಿನ ನೇವರ್ ಸಂಸ್ಥೆ ‘ಜಿಸಿಕ್-ಇನ್’ ಎಂಬ ಪ್ರಶ್ನೋತ್ತರ ಸೇವೆ ತೆರೆಯಿತು. ಹುಡುಕಿದರೆ ಸಿಗುವಷ್ಟು ಬರಹ ಕೊರಿಯನ್ ಭಾಷೆಯಲ್ಲಿ ಆಗ ಅಂತರ್ಜಾಲದಲ್ಲಿ ಇರಲಿಲ್ಲ. ಜನ ತಮ್ಮ ಭಾಷೆಯಲ್ಲಿ, ತಮ್ಮ ಲಿಪಿಯಲ್ಲಿ ಒಬ್ಬರನ್ನೊಬ್ಬರು ಕೇಳಿ ಉತ್ತರಿಸುತ್ತ ಆ ಬರಹವನ್ನೇ ಸೃಷ್ಟಿಸಿದರು, ನಂತರ ಹುಡುಕಿದವರಿಗೆ ಅದೇ ಸಿಕ್ಕಿತು. ಕನ್ನಡದಲ್ಲಿ ನಾವು ದಿನವೂ ಕೇಳುತ್ತೇವೆ, ಉತ್ತರಿಸುತ್ತೇವೆ, ಆದರೆ ಮುಚ್ಚಿದ ಗುಂಪುಗಳಲ್ಲಿ, ಧ್ವನಿ ಸಂದೇಶಗಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ಗುಂಪಿನ ಆತ್ಮೀಯತೆಯನ್ನು ನಾನು ಕಡೆಗಣಿಸುವುದಿಲ್ಲ, ಬರೆಯಲು ಬಾರದವರಿಗೆ ಧ್ವನಿ ಸಂದೇಶ ಎಷ್ಟು ದೊಡ್ಡ ವರವೆಂಬುದೂ ಗೊತ್ತು. ಆದರೆ ಅಲ್ಲಿ ಹುಟ್ಟುವ ತಿಳಿವಳಿಕೆಯಲ್ಲಿ ಒಂದಂಶವಾದರೂ ಕನ್ನಡ ಲಿಪಿಯಲ್ಲಿ, ಯಾರು ಬೇಕಾದರೂ ಹುಡುಕಿ ಓದುವಂತೆ ಉಳಿಯದಿದ್ದರೆ, ಮುಂದಿನವರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಶಿಫಾರಸುಗಳಿಗೆ ಆಯುಸ್ಸು ಕಡಿಮೆ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಂತ್ರಜ್ಞರ ತಾಣ ‘ಯಾವುದನ್ನು ಕೊಳ್ಳಲಿ’ ಎಂಬ ಬಗೆಯ ಪ್ರಶ್ನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟದ್ದು ಇದೇ ಕಾರಣಕ್ಕೆ. ಇಂದು ಒಳ್ಳೆಯದೆನಿಸಿದ ಯಂತ್ರ ಮುಂದಿನ ವರ್ಷ ಮಾರುಕಟ್ಟೆಯಲ್ಲೇ ಇರುವುದಿಲ್ಲ, ಒಳ್ಳೆಯ ವೈದ್ಯರು ವರ್ಗವಾಗುತ್ತಾರೆ, ಶಾಲೆಯ ಆಡಳಿತ ಬದಲಾಗುತ್ತದೆ. ಆದರೆ ಹೆಸರು ಹಳತಾದರೂ ಆಯ್ಕೆಯ ಕಾರಣ ಅಷ್ಟು ಬೇಗ ಹಳತಾಗುವುದಿಲ್ಲ. ಫಿಲ್ಟರಿನ ಮಾದರಿ ಬದಲಾಗಬಹುದು, ನೀರನ್ನು ಅಳೆದ ಮೇಲೆ ಯಂತ್ರ ಆರಿಸಬೇಕೆಂಬುದು ಬದಲಾಗದು. ಹೀಗಾಗಿ ಉತ್ತರಿಸುವವರು ಹೆಸರಿನ ಜೊತೆ ಕಾರಣವನ್ನೂ, ತಿಂಗಳು ವರ್ಷವನ್ನೂ ಬರೆಯುವುದು ಅವಶ್ಯ.

ನಮ್ಮ ವೃತ್ತಿಬಾಂಧವರಿಗೆ ಒಂದು ನಿರ್ದಿಷ್ಟ ಕೆಲಸವನ್ನು ಸೂಚಿಸಲು ಬಯಸುತ್ತೇನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳಲ್ಲಿ ಹಲವಕ್ಕೆ ಕಂಪ್ಯೂಟರ್ ಬಂದಿದೆ. ಊರಿನವರು ಗುಂಪುಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ತಿಂಗಳಿಗೆ ನಾಲ್ಕೈದನ್ನಾದರೂ ಆರಿಸಿ, ಕೇಳಿದವರ ಒಪ್ಪಿಗೆ ಪಡೆದು, ಹೆಸರು ಮತ್ತು ಫೋನ್ ನಂಬರು ತೆಗೆದುಹಾಕಿ, ಒಂದು ಪುಸ್ತಕದಲ್ಲಿ ಬರೆದಿಡೋಣ. ಪ್ರಶ್ನೆ, ಕೇಳಿದವರ ಪರಿಸ್ಥಿತಿ, ಬಂದ ಸಲಹೆಗಳು, ಅವರು ಆರಿಸಿಕೊಂಡದ್ದು ಇಷ್ಟನ್ನು ಮೊದಲ ದಿನವೇ ಬರೆದು, ಫಲಿತಾಂಶಕ್ಕೆ ಅರ್ಧ ಪುಟ ಖಾಲಿ ಬಿಡಬೇಕು. ಬೆಳೆಯ ವಿಷಯವಾದರೆ ಕೊಯ್ಲಿನ ನಂತರ, ಯಂತ್ರದ ವಿಷಯವಾದರೆ ಒಂದು ವರ್ಷದ ನಂತರ, ಶಾಲೆಯ ವಿಷಯವಾದರೆ ಪರೀಕ್ಷೆಗಳು ಮುಗಿದ ಮೇಲೆ ಗ್ರಂಥಪಾಲಕರೇ ಅವರನ್ನು ಕಂಡು, ಏನಾಯಿತೆಂದು ವಿಚಾರಿಸಿ ಆ ಜಾಗ ತುಂಬಿಸಬೇಕು. ರೋಗ ಮತ್ತು ಔಷಧಿಯ ಪ್ರಶ್ನೆಗಳನ್ನು ಈ ಪುಸ್ತಕಕ್ಕೆ ಸೇರಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಒಳ್ಳೆಯದು. ಕೃಷಿಯ ಪ್ರಶ್ನೆಗಳ ಉತ್ತರವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಬೇರೆ ಶಾಯಿಯಲ್ಲಿ ಪಕ್ಕದಲ್ಲೇ ಬರೆಯಬೇಕು. ವರ್ಷಕ್ಕೊಮ್ಮೆ ಅದನ್ನು ಕನ್ನಡ ಯೂನಿಕೋಡಿನಲ್ಲಿ ಟೈಪು ಮಾಡಿ ತೆರೆದ ತಾಣದಲ್ಲಿ ಹಾಕಿದರೆ, ಟೈಪಿಂಗ್ ಬಲ್ಲ ಕಾಲೇಜು ವಿದ್ಯಾರ್ಥಿಗಳು ಪ್ರತಿ ಹೋಬಳಿಯಲ್ಲಿ ಸಿಗುವುದರಿಂದ, ಇದಕ್ಕೆ ಪ್ರತ್ಯೇಕ ಅನುದಾನವನ್ನು ಕಾಯಬೇಕಾಗಿಲ್ಲ.